ಆಹಾರವೆಂಬ ಪದದ ಹೊರಗೆ ಉಳಿದ ಬಟ್ಟಲು

ಪದಗಳಿಗೆ ಅರ್ಥವನ್ನು ನಿಗದಿಪಡಿಸುವ ಕೆಲಸ ನಿಘಂಟಿನದು ಮಾತ್ರವಲ್ಲ, ಕಾನೂನಿನದೂ ಹೌದು. ನಿಘಂಟಿನ ಅರ್ಥ ತಪ್ಪಿದರೆ ಓದುಗನಿಗೆ ಗೊಂದಲವಾದೀತು. ಕಾನೂನಿನ ಅರ್ಥ ಕಿರಿದಾದರೆ ಯಾವುದೋ ಒಂದು ಜೀವಕ್ಕೆ ರಕ್ಷಣೆ ತಪ್ಪೀತು. ಭಾರತದ 2006ರ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಅಧಿನಿಯಮವು ಆಹಾರವನ್ನು ಮನುಷ್ಯರ ಸೇವನೆಗೆಂದು ಉದ್ದೇಶಿಸಿದ ಪದಾರ್ಥವೆಂದು ವ್ಯಾಖ್ಯಾನಿಸಿ, ಪಶು ಆಹಾರವನ್ನು ಆ ವ್ಯಾಖ್ಯೆಯಿಂದ ಹೊರಗಿರಿಸಿದೆ. ಅಮೆರಿಕದ 1938ರ ಕಾನೂನಿನಲ್ಲಿ ಇದೇ ಪದದ ವ್ಯಾಪ್ತಿ ಬೇರೆ. ಮನುಷ್ಯರು ಅಥವಾ ಇತರ ಪ್ರಾಣಿಗಳು ತಿನ್ನುವ, ಕುಡಿಯುವ ವಸ್ತುಗಳೆಲ್ಲವೂ ಅಲ್ಲಿ ಆಹಾರವೇ. ಮೇಲ್ನೋಟಕ್ಕೆ ಇದು ಪಂಡಿತರ ಚರ್ಚೆಗೆ ಮೀಸಲಾದ ವ್ಯತ್ಯಾಸದಂತೆ ತೋರಬಹುದು. ಆದರೆ ನಾಯಿಯ ಬಟ್ಟಲಿಗೆ ಬಿದ್ದುದನ್ನು ಯಾರು ಪರೀಕ್ಷಿಸಬೇಕು, ಕೆಟ್ಟದ್ದನ್ನು ಯಾರು ಹಿಂದಕ್ಕೆ ತರಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಅಡಗಿರುವುದು ಈ ವ್ಯತ್ಯಾಸದಲ್ಲಿಯೇ.

ಮನೆಯ ನಾಯಿ ಮನೆಯವರು ಉಂಡುದರಲ್ಲಿ ಉಳಿದುದನ್ನು ತಿಂದು ಬದುಕುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗಳು ಹುಟ್ಟುತ್ತಿರಲಿಲ್ಲ. ಗಂಜಿಯಾಗಲಿ, ಅನ್ನವಾಗಲಿ, ರೊಟ್ಟಿಯಾಗಲಿ, ಅದು ಎಲ್ಲಿಂದ ಬಂತೆಂಬುದು ಮನೆಯವರಿಗೆ ಗೊತ್ತಿತ್ತು. ಇಂದು ಮಹಾನಗರಗಳಲ್ಲಿ ಮಾತ್ರವಲ್ಲ, ಹೊಸೂರು, ಸೊಲ್ಲಾಪುರ, ಕಾಸರಗೋಡಿನಂತಹ ಪಟ್ಟಣಗಳಲ್ಲಿಯೂ ನಾಯಿ ಬೆಕ್ಕುಗಳ ಆಹಾರ ಬಣ್ಣದ ಪೊಟ್ಟಣಗಳಲ್ಲಿ ದೊರೆಯುತ್ತದೆ. ಅವುಗಳಲ್ಲಿ ಕೆಲವು ಥಾಯ್ಲೆಂಡ್ ಮೊದಲಾದ ದೇಶಗಳಿಂದ ಹಡಗೇರಿ ಬಂದವು. ಪೊಟ್ಟಣದ ಮೇಲಿನ ಚಿತ್ರ ಒಂದೇ. ಅದರೊಳಗಿನ ಪದಾರ್ಥಗಳ ಹುಟ್ಟೂರು ಹಲವು. ಈ ಹಲವು ಊರುಗಳ ದಾರಿಯಲ್ಲಿ ಏನು ಸಂಭವಿಸಬಹುದೆಂಬುದಕ್ಕೆ 2007ರಲ್ಲಿ ಉತ್ತರ ಅಮೆರಿಕದಲ್ಲಿ ನಡೆದ ದುರಂತವು ಸಾಕಷ್ಟು ಪುರಾವೆಯನ್ನು ಒದಗಿಸಿದೆ.

ಆ ವರ್ಷದ ಮಾರ್ಚ್ 16ರಂದು ಕೆನಡಾದ ಮೆನು ಫುಡ್ಸ್ ಎಂಬ ಸಂಸ್ಥೆಯು ತಾನು ತಯಾರಿಸಿದ ನಾಯಿ ಬೆಕ್ಕುಗಳ ಹಸಿ ಆಹಾರದ ಸುಮಾರು 6 ಕೋಟಿ ಡಬ್ಬಿ ಹಾಗೂ ಚೀಲಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯುವುದಾಗಿ ಘೋಷಿಸಿತು. ಅವನ್ನು ತಿಂದ ಪ್ರಾಣಿಗಳು ಮೂತ್ರಪಿಂಡಗಳು ಕೆಟ್ಟು ಸಾಯುತ್ತಿದ್ದವು. ಮೊದಲು ಇಲಿಪಾಷಾಣದಂತಹ ವಸ್ತುವೊಂದರ ಮೇಲೆ ಅನುಮಾನ ಬಂದಿತು. ಮಾರ್ಚ್ 30ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆ ಆಹಾರದಲ್ಲಿ ಮೆಲಮಿನ್ ಪತ್ತೆಯಾಗಿದೆ ಎಂದು ತಿಳಿಸಿತು. ಮೆಲಮಿನ್ ಎಂಬುದು ತಟ್ಟೆ, ಲೋಟಗಳ ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ರಾಸಾಯನಿಕ. ಅದು ಚೀನಾದಿಂದ ಆಮದಾದ ಗೋಧಿ ಗ್ಲುಟೆನ್ನಿನಲ್ಲಿ ಸೇರಿಕೊಂಡು ಬಂದಿತ್ತು. ಅದರೊಡನೆ ಸಯನ್ಯೂರಿಕ್ ಆಮ್ಲವೂ ಇದ್ದು, ಎರಡೂ ಕೂಡಿ ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ ಹರಳುಗಟ್ಟಿದವು. ಗ್ಲುಟೆನ್ ಎಂದು ಮಾರಿದ ಪುಡಿ ವಾಸ್ತವದಲ್ಲಿ ಗೋಧಿಹಿಟ್ಟೇ ಆಗಿತ್ತೆಂಬುದು ಮುಂದೆ ಬಯಲಾಯಿತು.

ಹಿಟ್ಟಿಗೆ ಪ್ಲಾಸ್ಟಿಕ್ಕಿನ ಕಚ್ಚಾವಸ್ತುವನ್ನು ಏಕೆ ಬೆರೆಸಿದರು ಎಂಬುದಕ್ಕೆ ಉತ್ತರ ಪ್ರಯೋಗಾಲಯದ ವಿಧಾನದಲ್ಲಿದೆ. ಆಹಾರದಲ್ಲಿರುವ ಪ್ರೋಟೀನನ್ನು ನೇರವಾಗಿ ಅಳೆಯುವ ಬದಲು ಅದರಲ್ಲಿರುವ ಸಾರಜನಕವನ್ನು ಅಳೆದು, ಆ ಪ್ರಮಾಣವನ್ನು 6.25ರಿಂದ ಗುಣಿಸುವುದು ಬಹುಕಾಲದಿಂದ ಬಂದ ಪದ್ಧತಿ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಸಾರಜನಕವನ್ನು ಅಳೆಯುವ ಈ ವಿಧಾನವನ್ನು ರೂಪಿಸಿದ. ಪ್ರೋಟೀನಿನಲ್ಲಿ ಸಾರಜನಕದ ಪಾಲು ತೂಕದ ಸುಮಾರು ಶೇ. 16. ಮೆಲಮಿನ್ನಿನಲ್ಲಿ ಅದು ಶೇ. 66ಕ್ಕೂ ಹೆಚ್ಚು. ಹೀಗಾಗಿ ಒಂದು ಚಿಟಿಕೆ ಮೆಲಮಿನ್ ಬೆರೆಸಿದರೆ ಅಗ್ಗದ ಹಿಟ್ಟು ಪರೀಕ್ಷಾವರದಿಯಲ್ಲಿ ಪ್ರೋಟೀನ್ ತುಂಬಿದ ದುಬಾರಿ ಪದಾರ್ಥವಾಗಿ ಕಾಣುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಕನ್ನಡದ ಮಕ್ಕಳೂ ಬಲ್ಲರು. ಸಾರಜನಕವಿರುವುದೆಲ್ಲ ಪ್ರೋಟೀನಲ್ಲ ಎಂಬುದನ್ನು ಮಾತ್ರ ವ್ಯಾಪಾರದ ಲೋಕ ಮರೆತಿತ್ತು, ಇಲ್ಲವೇ ಮರೆತಂತೆ ನಟಿಸಿತ್ತು.

ಆ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹಿಂಪಡೆದ ಆಹಾರ 100ಕ್ಕೂ ಹೆಚ್ಚು ಹೆಸರುಗಳಲ್ಲಿ ಮಾರಾಟವಾಗುತ್ತಿತ್ತು. ಅಗ್ಗದ ಡಬ್ಬಿಯೂ ದುಬಾರಿ ಡಬ್ಬಿಯೂ ಒಂದೇ ಕಾರ್ಖಾನೆಯಿಂದ, ಒಂದೇ ಮೂಲದ ಪುಡಿಯಿಂದ ತಯಾರಾಗಿದ್ದವು. ಹೆಚ್ಚು ಹಣ ಕೊಟ್ಟವನು ಹೆಚ್ಚು ಸುರಕ್ಷತೆಯನ್ನು ಕೊಂಡುಕೊಂಡೆನೆಂದು ಭಾವಿಸಿದ್ದ. ಅವನು ಕೊಂಡದ್ದು ಹೆಸರನ್ನು ಮಾತ್ರ. ಅಷ್ಟೇ ಅಲ್ಲ, ಕಲಬೆರಕೆಯಾದ ಆಹಾರದ ಉಳಿಕೆಗಳನ್ನು ಹಂದಿ ಹಾಗೂ ಕೋಳಿಗಳ ಮೇವಿಗೆ ಬಳಸಲಾಗಿತ್ತೆಂಬುದೂ ಅದೇ ವಸಂತದಲ್ಲಿ ತಿಳಿದುಬಂದಿತು. ಮನುಷ್ಯರಿಗೆ ಅದರಿಂದ ಒದಗುವ ಅಪಾಯ ತೀರಾ ಕಡಿಮೆಯೆಂದು ಅಲ್ಲಿನ ಅಧಿಕಾರಿಗಳು ಸಮಾಧಾನ ಹೇಳಿದರು. ಅದು ನಿಜವಿರಬಹುದು. ಆದರೆ ನಾಯಿಯ ಬಟ್ಟಲಿಗೂ ಮನುಷ್ಯನ ತಟ್ಟೆಗೂ ನಡುವೆ ಇರುವುದೆಂದು ನಂಬಿದ್ದ ಗೋಡೆಯಲ್ಲಿ ಬಿರುಕಿದೆಯೆಂಬುದು ಅಂದು ಸಾಬೀತಾಯಿತು.

ಮರುವರ್ಷ ಆ ಗೋಡೆಯೇ ಕುಸಿಯಿತು. 2008ರಲ್ಲಿ ಚೀನಾದ ಶಿಶು ಆಹಾರದ ಹಾಲಿನ ಪುಡಿಯಲ್ಲಿ ಇದೇ ಮೆಲಮಿನ್, ಇದೇ ಉದ್ದೇಶಕ್ಕಾಗಿ ಬೆರೆತಿದ್ದುದು ಪತ್ತೆಯಾಯಿತು. ನೀರು ಬೆರೆಸಿ ತೆಳುವಾದ ಹಾಲನ್ನು ಗಟ್ಟಿಯೆಂದು ತೋರಿಸಲು ಆ ಉಪಾಯ ಹೂಡಲಾಗಿತ್ತು. ಸುಮಾರು 3 ಲಕ್ಷ ಶಿಶುಗಳು ಅಸ್ವಸ್ಥಗೊಂಡವು. ಅಧಿಕೃತ ಲೆಕ್ಕದ ಪ್ರಕಾರ 6 ಶಿಶುಗಳು ಸತ್ತವು. ಭಾರತವು ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಚೀನಾದ ಹಾಲು ಹಾಗೂ ಹಾಲಿನ ಉತ್ಪನ್ನಗಳ ಆಮದನ್ನು ನಿಷೇಧಿಸಿತು. ಹಿಂದಿರುಗಿ ನೋಡಿದಾಗ, 2004ರಲ್ಲಿ ಏಷ್ಯಾದ ಕೆಲವು ದೇಶಗಳಲ್ಲಿ ನಾಯಿಗಳು ಮೂತ್ರಪಿಂಡ ಕೆಟ್ಟು ಸತ್ತಾಗ ಶಿಲೀಂಧ್ರದ ವಿಷವೆಂದು ತೀರ್ಮಾನಿಸಲಾಗಿತ್ತು. 2007ರ ಬಳಿಕ ಅಂದಿನ ಅಂಗಾಂಶಗಳನ್ನು ಮತ್ತೆ ಪರೀಕ್ಷಿಸಿದಾಗ ಅಲ್ಲಿಯೂ ಮೆಲಮಿನ್ ಹಾಗೂ ಸಯನ್ಯೂರಿಕ್ ಆಮ್ಲ ಕಂಡವು. ಮೊದಲು ಏಷ್ಯಾದ ನಾಯಿಗಳು, ಅನಂತರ ಅಮೆರಿಕದ ನಾಯಿ ಬೆಕ್ಕುಗಳು, ಕೊನೆಗೆ ಹಾಲುಗೂಸುಗಳು. ಮೂಕಪ್ರಾಣಿಗಳು ಎರಡು ಬಾರಿ ಎಚ್ಚರಿಸಿದರೂ ಮನುಷ್ಯರು ಎಚ್ಚೆತ್ತದ್ದು ಮೂರನೆಯ ಬಾರಿಗೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಹಸಿವಿನಿಂದ ಮಲಗುವ ಮನುಷ್ಯರಿರುವ ದೇಶದಲ್ಲಿ ನಾಯಿಯ ಬಿಸ್ಕತ್ತಿನ ಚರ್ಚೆ ಸಿರಿವಂತರ ಚಪಲವೆಂದು ಆಕ್ಷೇಪಿಸುವವರಿಗೆ ಈ ಮೂರು ಘಟನೆಗಳ ಅನುಕ್ರಮವೇ ಉತ್ತರ. ಕಲಬೆರಕೆ ಮಾಡುವವನು ಮೊದಲು ಹುಡುಕುವುದು ಕಾವಲಿಲ್ಲದ ಬಾಗಿಲನ್ನು. ಪ್ರಾಣಿಗಳ ಆಹಾರಕ್ಕೆ ಕಾವಲಿಲ್ಲವಾದರೆ ಅವನ ಕಸುಬು ಅಲ್ಲಿ ಕುದುರುತ್ತದೆ. ಕುದುರಿದ ಕಸುಬು ಅಲ್ಲಿಗೇ ನಿಲ್ಲುವುದಿಲ್ಲ. ನಾಯಿಯ ಪ್ರಾಣಕ್ಕೆ ತನ್ನದೇ ಬೆಲೆಯಿದೆ ಎಂಬುದು ಒಂದು ಮಾತು. ಅದನ್ನು ಒಪ್ಪದವರೂ ಈ ಎರಡನೆಯ ಮಾತನ್ನು ಒಪ್ಪಬೇಕಾಗುತ್ತದೆ.

ಎಲ್ಲ ಪ್ರಕರಣಗಳೂ ಮೆಲಮಿನ್ನಿನಷ್ಟು ಸ್ಪಷ್ಟವಾಗಿರುವುದಿಲ್ಲ. 2007ರಿಂದ ಮೊದಲ್ಗೊಂಡು ಅಮೆರಿಕದಲ್ಲಿ ಜರ್ಕಿ ಎಂದು ಕರೆಯುವ ಒಣಗಿಸಿದ ಮಾಂಸದ ಪಟ್ಟಿಗಳನ್ನು ತಿಂದ ನಾಯಿಗಳು ಕಾಯಿಲೆ ಬೀಳುತ್ತಿವೆ ಎಂಬ ದೂರುಗಳು ಬರತೊಡಗಿದವು. ಅವುಗಳಲ್ಲಿ ಬಹುಪಾಲು ಚೀನಾದಿಂದ ಆಮದಾದ ಕೋಳಿಮಾಂಸದ ಪಟ್ಟಿಗಳಿಗೆ ಸಂಬಂಧಿಸಿದ್ದವು. 2014ರ ಮೇ ವೇಳೆಗೆ ಸುಮಾರು 4,800 ದೂರುಗಳು, 5,600ಕ್ಕೂ ಹೆಚ್ಚು ನಾಯಿಗಳ ಅಸ್ವಾಸ್ಥ್ಯ, 1,000ಕ್ಕೂ ಹೆಚ್ಚು ಸಾವುಗಳು ದಾಖಲಾದವು. ಇವು ಸಾಕಿದವರು ವರದಿ ಮಾಡಿದ ಸಂಖ್ಯೆಗಳೇ ಹೊರತು ಪ್ರತಿಯೊಂದು ಸಾವಿಗೂ ಜರ್ಕಿಯೇ ಕಾರಣವೆಂದು ಸಿದ್ಧಪಟ್ಟಿರಲಿಲ್ಲ. ವರ್ಷಗಟ್ಟಲೆ ಪರೀಕ್ಷೆಗಳು ನಡೆದರೂ ನಿಶ್ಚಿತ ಕಾರಣ ಕೈಗೆ ಸಿಗಲಿಲ್ಲ. 2013ರ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ಪ್ರಯೋಗಾಲಯವು ಕೆಲವು ಉತ್ಪನ್ನಗಳಲ್ಲಿ ಪ್ರತಿಜೀವಕ ಔಷಧಗಳ ಅಂಶಗಳನ್ನು ಕಂಡುಹಿಡಿಯಿತು. ಅವು ಮಾರುಕಟ್ಟೆಯಿಂದ ಹಿಂದಕ್ಕೆ ಹೋದವು. ಆದರೆ ಆ ಅಂಶಗಳೇ ಕಾಯಿಲೆಗೆ ಕಾರಣವೆಂದು ಹೇಳಲಾಗಲಿಲ್ಲ. ಮುಂದೆ ಅಲ್ಲಿನ ದೊಡ್ಡ ಮಾರಾಟ ಸಂಸ್ಥೆಗಳು ಚೀನಾದ ತಿನಿಸುಗಳನ್ನು ತಾವಾಗಿಯೇ ಕೈಬಿಟ್ಟವು. ಕಾರಣ ತಿಳಿಯದಿರುವಾಗಲೂ ದೂರುಗಳನ್ನು ಒಂದೆಡೆ ಕೂಡಿಸಿ ಜನರ ಮುಂದಿಡುವ ವ್ಯವಸ್ಥೆಯಿದ್ದುದರಿಂದಲೇ ಇದು ಸಾಧ್ಯವಾಯಿತು. ದೂರನ್ನು ಬರೆದುಕೊಳ್ಳುವವರೇ ಇಲ್ಲದಿದ್ದರೆ ಅಷ್ಟು ಸಾವುಗಳೂ ಅಷ್ಟು ಮನೆಗಳ ಖಾಸಗಿ ದುಃಖಗಳಾಗಿ ಮುಗಿದುಹೋಗುತ್ತಿದ್ದವು.

ಕಾವಲಿದ್ದರೂ ಅದರ ದೃಷ್ಟಿ ಒಂದೇ ಕಡೆಗಿದ್ದರೆ ಏನಾದೀತೆಂಬುದಕ್ಕೆ ಆಸ್ಟ್ರೇಲಿಯ ನಿದರ್ಶನ. ಪರದೇಶದ ರೋಗಾಣುಗಳು ಒಳನುಸುಳಬಾರದೆಂದು ಆ ದೇಶವು ಆಮದಾದ ಕೆಲವು ಸಾಕುಪ್ರಾಣಿ ಆಹಾರಗಳನ್ನು ಗಾಮಾ ವಿಕಿರಣಕ್ಕೆ ಒಡ್ಡುತ್ತಿತ್ತು. 2008ರಲ್ಲಿ ಹೀಗೆ ವಿಕಿರಣಕ್ಕೊಳಗಾದ ಕೆನಡಾದ ಬೆಕ್ಕಿನ ಆಹಾರವನ್ನು ತಿಂದ ಹಲವಾರು ಬೆಕ್ಕುಗಳು ನರಮಂಡಲದ ಕಾಯಿಲೆಗೆ ತುತ್ತಾಗಿ ಹಿಂಗಾಲುಗಳ ಸ್ವಾಧೀನ ಕಳೆದುಕೊಂಡವು. 2009ರಲ್ಲಿ ಬೆಕ್ಕಿನ ಆಹಾರಕ್ಕೆ ವಿಕಿರಣ ಬಳಸುವುದನ್ನು ಅಲ್ಲಿ ನಿಲ್ಲಿಸಲಾಯಿತು. ದೇಶದ ಗಡಿಯನ್ನು ಕಾಯುವುದೂ ತಿನ್ನುವ ಪ್ರಾಣಿಯನ್ನು ಕಾಯುವುದೂ ಒಂದೇ ಕೆಲಸವಲ್ಲವೆಂಬುದು ಇಲ್ಲಿಯ ಪಾಠ.

ಈ ಪಾಠ ಭಾರತಕ್ಕೆ ನೇರವಾಗಿ ಅನ್ವಯಿಸುತ್ತದೆ. ಪ್ರಾಣಿಜನ್ಯ ಪದಾರ್ಥಗಳ ಆಮದಿಗೆ ಇಲ್ಲಿ ಪಶುಸಂಗೋಪನ ಇಲಾಖೆಯ ನೈರ್ಮಲ್ಯ ಪರವಾನಗಿ ಬೇಕು. ಅದರ ಬೇರು 1898ರ ಜಾನುವಾರು ಆಮದು ಅಧಿನಿಯಮದಲ್ಲಿದೆ. ಆ ಕಾನೂನಿನ ಮುಖ್ಯ ಚಿಂತೆ ಸಾಂಕ್ರಾಮಿಕ ರೋಗಗಳು ದೇಶದೊಳಕ್ಕೆ ಬಾರದಂತೆ ತಡೆಯುವುದು. ಅದು ಅಗತ್ಯವೇ, ಆದರೆ ಮೆಲಮಿನ್ ರೋಗಾಣುವಲ್ಲ. ಪೊಟ್ಟಣದ ಮೇಲೆ ತೂಕ, ಬೆಲೆ, ಆಮದುದಾರನ ವಿಳಾಸ ಇರಬೇಕೆಂದು ಅಳತೆ ಮತ್ತು ತೂಕಗಳ ನಿಯಮಗಳು ಹೇಳುತ್ತವೆ; ಒಳಗಿರುವುದು ನಿರ್ವಿಷವೇ ಎಂದು ಅವು ಕೇಳುವುದಿಲ್ಲ. ಭಾರತೀಯ ಮಾನಕ ಬ್ಯೂರೋ ನಾಯಿ ಬೆಕ್ಕುಗಳ ಆಹಾರಕ್ಕೆ ಮಾನದಂಡವನ್ನು ರೂಪಿಸಿದೆ. ಆದರೆ ಮಾನದಂಡವಿರುವುದು ಬೇರೆ, ಅದನ್ನು ಪಾಲಿಸಲೇಬೇಕೆಂಬ ಕಟ್ಟುಪಾಡಿರುವುದು ಬೇರೆ. ಅಪಾಯಕಾರಿ ಸರಕನ್ನು ಹಿಂದಕ್ಕೆ ತರಿಸುವ ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿದೆ. ಅದೂ ಅಪಾಯವಾದ ಮೇಲಿನ ದಾರಿ. ತುಂಡುತುಂಡಾದ ಈ ಕಾನೂನುಗಳನ್ನು ಒಂದೆಡೆ ಇರಿಸಿದರೂ ಒಂದು ಪೂರ್ಣ ಕಾವಲು ಸಿದ್ಧವಾಗುವುದಿಲ್ಲ.

ಬೇಕಾದುದು ಅಸಾಧ್ಯವಾದುದೇನಲ್ಲ. ಐರೋಪ್ಯ ಒಕ್ಕೂಟದ 2002ರ ಆಹಾರ ಕಾನೂನು ಮನುಷ್ಯರ ಆಹಾರವನ್ನೂ ಪ್ರಾಣಿಗಳ ಆಹಾರವನ್ನೂ ಬೇರೆಬೇರೆಯಾಗಿಯೇ ವ್ಯಾಖ್ಯಾನಿಸಿ, ಸುರಕ್ಷತೆ ಹಾಗೂ ಮೂಲಶೋಧನೆಯ ಹೊಣೆಯನ್ನು ಎರಡಕ್ಕೂ ವಿಧಿಸಿದೆ. ಅಮೆರಿಕವು 2011ರ ಕಾನೂನಿನಲ್ಲಿ ವಿದೇಶದ ಪೂರೈಕೆದಾರನನ್ನು ಪರಿಶೀಲಿಸುವ ಕರ್ತವ್ಯವನ್ನು ಆಮದುದಾರನಿಗೆ ವಹಿಸಿ, ಕಡ್ಡಾಯವಾಗಿ ಹಿಂಪಡೆಯಿಸುವ ಅಧಿಕಾರವನ್ನು ಸರಕಾರಕ್ಕೆ ನೀಡಿತು. ಆಹಾರಕ್ಕೂ ಮೇವಿಗೂ ಅನ್ವಯಿಸುವಂತೆ ಮೆಲಮಿನ್ನಿನ ಗರಿಷ್ಠ ಮಿತಿ ಕಿಲೋಗ್ರಾಮಿಗೆ 2.5 ಮಿಲಿಗ್ರಾಂ ಎಂದು ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗವು 2010ರಲ್ಲಿಯೇ ನಿಗದಿಪಡಿಸಿದೆ. ಭಾರತವೂ ಸಾಕುಪ್ರಾಣಿಗಳ ಆಹಾರಕ್ಕೆ ಮಾನದಂಡವನ್ನು ಕಡ್ಡಾಯಗೊಳಿಸಿ, ಆಮದುದಾರನನ್ನು ಹೊಣೆಯಾಗಿಸಿ, ಪಶುವೈದ್ಯರು ದೂರು ದಾಖಲಿಸುವ ಒಂದು ಕೇಂದ್ರವನ್ನು ತೆರೆದರೆ ಹೆಚ್ಚಿನ ಅಂತರ ತುಂಬಿದಂತಾಗುತ್ತದೆ.

ಇದು ಪರದೇಶದ ಸರಕನ್ನು ಬಹಿಷ್ಕರಿಸಬೇಕೆಂಬ ವಾದವಲ್ಲ. 2005ರ ಕೊನೆಯಲ್ಲಿ ಅಮೆರಿಕದ ಒಳಗೇ, ದಕ್ಷಿಣ ಕೆರೊಲಿನಾದ ಕಾರ್ಖಾನೆಯೊಂದರಲ್ಲಿ ತಯಾರಾದ ನಾಯಿಯ ಆಹಾರದಲ್ಲಿ ಬೂಷ್ಟು ಹಿಡಿದ ಜೋಳದ ಅಫ್ಲಾಟಾಕ್ಸಿನ್ ಸೇರಿ ನೂರಾರು ನಾಯಿಗಳು ಪೀಡಿತವಾದವು. ಮುಸುಕಿನ ಜೋಳ, ನೆಲಗಡಲೆಗಳನ್ನು ಬೆಳೆಯುವ ನಾಡುಗಳಿಗೆ ಈ ವಿಷ ಅಪರಿಚಿತವಲ್ಲ. ಹಾಗೆಯೇ ಮೆಲಮಿನ್ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡವರಲ್ಲಿ ಅಮೆರಿಕದ ಆಮದು ಸಂಸ್ಥೆಯೂ ಇತ್ತು. ದೋಷ ಒಂದು ದೇಶದ ರಕ್ತದಲ್ಲಿಲ್ಲ. ಯಾರೂ ಪೂರ್ತಿಯಾಗಿ ಕಾಣದಷ್ಟು ಉದ್ದವಾದ ಸರಪಳಿಯಲ್ಲಿದೆ. ಆಮದಾದ ಪೊಟ್ಟಣದಲ್ಲಿ ಆ ಸರಪಳಿ ಅತಿ ಉದ್ದವಾಗಿರುವುದರಿಂದ ಎಚ್ಚರವೂ ಅಷ್ಟೇ ಹೆಚ್ಚಾಗಬೇಕು.

ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ಈ ವಿಷಯದಲ್ಲಿ ಮಾಡಲು ಏನಿದೆಯೆಂಬ ಪ್ರಶ್ನೆ ಸಹಜ. ಪೊಟ್ಟಣದ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕೆಂದು ನಿಯಮ ಹೇಳುತ್ತದೆ. ಬೇರೆ ಭಾಷೆ ವ್ಯಾಪಾರಿಯ ಇಚ್ಛೆಗೆ ಬಿಟ್ಟದ್ದು. ತಾಳವಾಡಿಯ ಕನ್ನಡಿಗನಿಗೆ ಅದರ ಮೇಲೆ ಮನೆಯ ಭಾಷೆಯೂ ಕಾಣದು, ರಾಜ್ಯದ ಭಾಷೆಯೂ ಕಾಣದು. ತನಗೆ ಸಂಬಂಧಿಸಿದ ಕಾಗದ ತನಗೆ ತಿಳಿಯದ ಭಾಷೆಯಲ್ಲಿ ಬಂದಾಗಿನ ಅಸಹಾಯಕತೆ ಗಡಿಯ ಕನ್ನಡಿಗರಿಗೆ ಹೊಸದಲ್ಲ. ಪೊಟ್ಟಣದ ತಂಡಸಂಖ್ಯೆಯನ್ನೂ ತಯಾರಿಕೆಯ ದಿನಾಂಕವನ್ನೂ ಆಹಾರ ಮುಗಿಯುವವರೆಗೆ ಕಾದಿರಿಸಬೇಕು. ಪ್ರಾಣಿ ಊಟ ಬಿಟ್ಟರೆ, ವಾಂತಿ ಮಾಡಿದರೆ, ಅತಿಯಾಗಿ ನೀರು ಕುಡಿದರೆ ಆ ಆಹಾರವನ್ನು ನಿಲ್ಲಿಸಿ, ಪೊಟ್ಟಣದೊಡನೆ ಪಶುವೈದ್ಯರ ಬಳಿಗೆ ಹೋಗಬೇಕು. ತಿನಿಸು ಮುದ್ದಿಗೆಂದು ಕೊಡುವಂಥದ್ದೇ ಹೊರತು ಪೋಷಣೆಗೆ ಅನಿವಾರ್ಯವಲ್ಲ. ಇಷ್ಟನ್ನು ತಿಳಿಗನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಊರಿನ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸುವುದು ಭಾಷಾ ವಿದ್ಯಾರ್ಥಿಯ ಅಳವಿಗೆ ಮೀರಿದ ಕಾರ್ಯವಲ್ಲ. ಕಾನೂನಿನ ವ್ಯಾಖ್ಯೆ ವಿಸ್ತಾರವಾಗಲು ಕಾಲ ಹಿಡಿದೀತು. ಆ ಹಾಳೆಗೆ ಒಂದು ಸಂಜೆ ಸಾಕು.