ಹುದುಗಿದ್ದೆಲ್ಲ ಕ್ಯಾನ್ಸರ್‌ಗೆ ಮದ್ದಲ್ಲ

ಗೋವಾದ ಸಾನ್ನಾಂ ಎಂಬ ಹಬೆಯ ತಿಂಡಿ, ಕಳ್ಳು, ಫೆನಿ ಎಂಬ ಭಟ್ಟಿ ಮದ್ಯ ಕರುಳಿನ ಸೂಕ್ಷ್ಮಜೀವಿಗಳನ್ನು ಪೋಷಿಸಿ ಕ್ಯಾನ್ಸರನ್ನು ದೂರವಿಡುತ್ತವೆ ಎಂಬುದು ಇತ್ತೀಚೆಗೆ ಪ್ರಕಟವಾದ ಲೇಖನದ ವಾದ. ಇದರಲ್ಲಿ ಸತ್ಯದ ಒಂದೆಳೆ ಇದೆ. 2021ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 36 ವಯಸ್ಕರನ್ನು ಎರಡು ಗುಂಪು ಮಾಡಿ 10 ವಾರ ಆಹಾರ ಬದಲಿಸಿದಾಗ, ಮೊಸರು, ಕೆಫಿರ್, ಕಿಮ್ಚಿಯಂಥ ಹುದುಗಿದ ಆಹಾರ ತಿಂದವರಲ್ಲಿ ಕರುಳಿನ ಜೀವಿವೈವಿಧ್ಯ ಹೆಚ್ಚಿತು, ಉರಿಯೂತದ ಸೂಚಕಗಳು ಇಳಿದವು. ಆದರೆ ಆ ಅಧ್ಯಯನ ಕ್ಯಾನ್ಸರನ್ನು ಅಳೆದೇ ಇಲ್ಲ. ಅಲ್ಲಿ ಫೆನಿಯೂ ಇರಲಿಲ್ಲ. ಕಳ್ಳಿನ ಯೀಸ್ಟ್ ಸಾನ್ನಾಂ ಹಿಟ್ಟನ್ನು ಉಬ್ಬಿಸುತ್ತದೆ, ಹಬೆಯಲ್ಲಿ ಬೆಂದಾಗ ಸಾಯುತ್ತದೆ. ತಟ್ಟೆಗೆ ಬರುವುದು ಒಳ್ಳೆಯ ತಿಂಡಿ, ಜೀವಂತ ಸೂಕ್ಷ್ಮಜೀವಿಗಳಲ್ಲ.

ಫೆನಿಯ ಮಾತು ಇನ್ನೂ ಗಂಭೀರ. ಹುದುಗಿದ ಗೇರುಹಣ್ಣಿನ ರಸವನ್ನು ಭಟ್ಟಿ ಇಳಿಸಿದರೆ ಸೂಕ್ಷ್ಮಜೀವಿಗಳು ಭಟ್ಟಿಯಲ್ಲೇ ಸಾಯುತ್ತವೆ, ಮದ್ಯಸಾರ ಲೋಟಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ಸ್ತನ, ದೊಡ್ಡಕರುಳು ಎಲ್ಲವೂ ಅದರ ಹಾದಿಯಲ್ಲಿವೆ. ಮಿತವಾಗಿ ಕುಡಿದರೆ ಆಯಿತಲ್ಲ ಎನ್ನಬಹುದು. ಮಿತ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಔಷಧವಾಗುವುದಿಲ್ಲ. ಪರಂಪರೆಯ ವಾದವೂ ನಿಲ್ಲದು: 2009ರಲ್ಲಿ ಫೆನಿಗೆ ಸಿಕ್ಕ ಭೌಗೋಳಿಕ ಸೂಚಿ ಊರನ್ನೂ ತಯಾರಿಕೆಯ ವಿಧಾನವನ್ನೂ ಗುರುತಿಸುತ್ತದೆ, ಆರೋಗ್ಯವನ್ನಲ್ಲ. ಕ್ಯಾನ್ಸರ್ ಭಯದಲ್ಲಿರುವ ಓದುಗರಿಗಾಗಿ ಆ ಲೇಖನ ಬರೆದವರು ಕ್ಯಾನ್ಸರ್ ದೂರವಿಡುವ ಆಹಾರಗಳ ಪಟ್ಟಿಯಿಂದ ಮದ್ಯಸಾರವಿರುವ ಕಳ್ಳು, ಫೆನಿಗಳನ್ನು ಕೈಬಿಡಬೇಕು.