ಹಿರಿಯರ ಬೆನ್ನುಮೂಳೆ ಮುರಿತಕ್ಕೆ ಸಕಾಲದ ತಪಾಸಣೆ, ಚಿಕಿತ್ಸೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ತುಮಕೂರು ಜಿಲ್ಲೆ

ಇವರಿಂದ,
ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಹಿರಿಯ ನಾಗರಿಕರು

ಉಲ್ಲೇಖ: ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007, ಕಲಂ 20, ಇದೇ ವಿಷಯದ ನಮ್ಮ ಹಿಂದಿನ ಮನವಿಗಳು

ಮಾನ್ಯರೇ,

ಹಿಂದಿನ ಮನವಿಗಳಿಗೆ ಸ್ವೀಕೃತಿ ಮೊಹರು ಬಿದ್ದಿದೆ, ಉತ್ತರ ಬಂದಿಲ್ಲ. ಹಿರಿಯರ ವೈದ್ಯಕೀಯ ನೆರವಿನ ಬಗ್ಗೆ ಕಲಂ 20ರಲ್ಲಿ ಏನಿದೆಯೆಂದು ತಮಗೆ ನಾವು ಹೇಳಬೇಕಾಗಿಲ್ಲ.

ಬೆನ್ನುನೋವೆಂದು ಸರ್ಕಾರಿ ಆಸ್ಪತ್ರೆಗೆ ಹೋದ ಮುದುಕರನ್ನು "ವಯಸ್ಸಾಯ್ತಲ್ಲ" ಎಂದು ನೋವಿನ ಮಾತ್ರೆ ಕೊಟ್ಟು ಸಾಗಹಾಕಲಾಗುತ್ತಿದೆ. ಕುಣಿಗಲ್ ತಾಲ್ಲೂಕಿನ ನಮ್ಮ ಸದಸ್ಯೆಯೊಬ್ಬರಿಗೆ ಬಿಂದಿಗೆ ಎತ್ತುವಾಗ ಬೆನ್ನು ಹಿಡಿದುಕೊಂಡಿತು. ಪ್ರತಿ ಚೀಟಿಯಲ್ಲೂ ಅದೇ ಮಾತ್ರೆ (ಲಗತ್ತು 1ರಿಂದ 4). ಕಡೆಗೆ ಖಾಸಗಿಯಾಗಿ ಮಗ್ಗುಲಿನಿಂದ ತೆಗೆಸಿದ ಎಕ್ಸ್‌ರೇಯಲ್ಲಿ ಎರಡು ಬೆನ್ನುಮಣಿ ಕುಸಿದಿರುವುದು ಕಂಡಿತು (ಲಗತ್ತು 5). ಆಮೇಲೂ ಸಿಕ್ಕಿದ್ದು ಬೆಲ್ಟ್ ಮಾತ್ರ. ಟೊಳ್ಳಾದ ಮೂಳೆಗೆ ಔಷಧ ಯಾರೂ ಬರೆಯಲಿಲ್ಲ (ಲಗತ್ತು 6). ಆಸ್ಟಿಯೊಪೊರೋಸಿಸ್‌ನ ಇಂಥ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪತ್ತೆಯೇ ಆಗುವುದಿಲ್ಲ, ಒಂದು ಮಣಿ ಕುಸಿದವರಿಗೆ ಇನ್ನೊಂದು ಕುಸಿಯುವ ಅಪಾಯ ಹೆಚ್ಚು ಎಂಬುದು ವೈದ್ಯರು ಓದಿರುವ ಪಾಠವೇ. ಯಂತ್ರವಿರುವ ಕಡೆ ಅಜ್ಜಿಯನ್ನು ಮಗ್ಗುಲಾಗಿ ಮಲಗಿಸಿ ಒಂದು ಚಿತ್ರ ತೆಗೆಯಲು ಯಾವ ಅನುದಾನ ಬೇಕೋ ನಮಗೆ ತಿಳಿಯದು.

ಆದ್ದರಿಂದ 60 ದಾಟಿದವರಿಗೆ ಹೊಸದಾಗಿ ಬೆನ್ನುನೋವು ಬಂದರೆ, ಎತ್ತರ ಕುಗ್ಗಿದ್ದರೆ, ಮಗ್ಗುಲಿನ ಎಕ್ಸ್‌ರೇ ಕಡ್ಡಾಯವಾಗಲಿ. ಮುರಿತ ಹೊಸದೋ ಹಳೆಯದೋ ಎಂಬ ಅನುಮಾನವಿದ್ದರೆ ಎಂಆರ್‌ಐಗೆ ಕಳುಹಿಸಲಿ. ಜಿಲ್ಲಾ ಕೇಂದ್ರದಲ್ಲಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಉಚಿತವಾಗಲಿ. ಆದರೆ ಮೂಳೆ ಸವಕಲಿನಿಂದಲೇ ಮಣಿ ಕುಸಿದಿದೆಯೆಂದು ಖಚಿತವಾದ ಮೇಲೆ ಸ್ಕ್ಯಾನ್ ನೆಪದಲ್ಲಿ ಔಷಧ ತಡೆಯುವುದು ಬೇಡ. ಕ್ಯಾಲ್ಸಿಯಂ, ವಿಟಮಿನ್ ಡಿ, ವಾರಕ್ಕೊಮ್ಮೆ ನುಂಗುವ 70 ಮಿ.ಗ್ರಾಂ ಅಲೆಂಡ್ರೊನೇಟ್ ಗುಬ್ಬಿ, ಕುಣಿಗಲ್‌ಗಳಲ್ಲೇ ದೊರೆಯಲಿ. ಅದು ಹಿಡಿಸದವರಿಗೆ, ಮೂತ್ರಪಿಂಡ ಪರೀಕ್ಷಿಸಿ, ವರ್ಷಕ್ಕೊಮ್ಮೆಯ 5 ಮಿ.ಗ್ರಾಂ ಝೊಲೆಡ್ರೊನಿಕ್ ಆಮ್ಲದ ಡ್ರಿಪ್ ಸಿಗಲಿ. ಅಲೆಂಡ್ರೊನೇಟನ್ನು ಬರಿಹೊಟ್ಟೆಯಲ್ಲಿ ತುಂಬು ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗಬಾರದೆಂದು ಕನ್ನಡದಲ್ಲಿ ಬರೆದುಕೊಡಲಿ.

ಹೊರರೋಗಿ ವಿಭಾಗದಲ್ಲಿ ಬೆನ್ನಾಸರೆಯ ಬೆಂಚು, ಹಿರಿಯರಿಗೆ ಪ್ರತ್ಯೇಕ ಸಾಲು, ಕುಡಿಯುವ ನೀರು, ಶೌಚಾಲಯದಲ್ಲಿ ಹಿಡಿಕೆ, ಬಸ್ ನಿಲ್ದಾಣದಲ್ಲಿ ನೆರಳು ಕೂಡ ಆಗಬೇಕು. ಮೇಲೆ ಹೇಳಿದ ಸದಸ್ಯೆಯ ಖಾಸಗಿ ಬಿಲ್ಲನ್ನು ವಿಶೇಷ ಪ್ರಕರಣವೆಂದು ಪರಿಗಣಿಸಿ ಮರುಪಾವತಿಸಲು ಕೋರುತ್ತೇವೆ. ತಪಾಸಣಾ ಶಿಬಿರ ನಡೆಸುವುದಾದರೆ ಅದಕ್ಕೆ ಗುಬ್ಬಿಯಲ್ಲಿರುವ ನಮ್ಮ ಖಜಾಂಚಿಯವರ ಕಲ್ಯಾಣ ಮಂಟಪ ನ್ಯಾಯವಾದ ಬಾಡಿಗೆಗೆ ಲಭ್ಯವಿದೆ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತೇವೆ.

30 ದಿನಗಳೊಳಗೆ ಲಿಖಿತ ಉತ್ತರ ದಯಪಾಲಿಸಬೇಕು. ತಪ್ಪಿದಲ್ಲಿ ಬೆಲ್ಟ್ ಕಟ್ಟಿಕೊಂಡೇ ತಮ್ಮ ಕಚೇರಿಯ ಮುಂದೆ ಧರಣಿ ಕೂರುತ್ತೇವೆ. ಆಗ ಕುರ್ಚಿಗಳ ವ್ಯವಸ್ಥೆ ಮಾಡಿಸಬೇಕೆಂದು ಈಗಲೇ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು ಲಗತ್ತು 7ರಲ್ಲಿ)