ಗಾಂಧಿ ಕ್ಲಾಸ್ ಮಾತು: ದುಬೈ ಟಿಕೀಟು ತೆಗೆಯೋ ಮುಂಚೆ



ಸಿನಿಮಾದಾಗ ಫಾರಿನ್ನಿಗೆ ಹೋಗೋದು ಎಷ್ಟು ಸುಲಭ ನೋಡ್ರಿ! ನಾಯಕ ಅವ್ವನ ಕಾಲಿಗೆ ಬೀಳ್ತಾನ. ಮುಂದಿನ ಶಾಟ್‌ನಲ್ಲಿ ವಿಮಾನ ಏರ್ತದ. ಅದರ ಮುಂದಿನ ಶಾಟ್‌ನಲ್ಲಿ ಕೋಟು, ಕರೀ ಕನ್ನಡಕ, ಹಾಡು! 1978ರಲ್ಲಿ ವಿಷ್ಣುವರ್ಧನ್–ದ್ವಾರಕೀಶ್ ಜೋಡಿಯ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ಹೊರದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ ಅನ್ನೋ ಹೆಸರು ಪಡೆಯಿತು. ಅಂದಿನಿಂದ ನಮ್ಮ ಹುಡುಗರ ಕಣ್ಣು ಕಡಲಾಚೆಗೇ! ಆದರೆ ಅವ್ವನ ಕಾಲಿಗೂ ವಿಮಾನಕ್ಕೂ ನಡುವೆ ಎಡಿಟರ್ ಕತ್ತರಿಸಿ ಬಿಸಾಡಿದ ರೀಲು ಇದೆಯಲ್ಲ, ಇವತ್ತಿನ ಮಾತು ಅದರದೇ.

ಮಳಖೇಡದವರಿಗೆ ಅರಬ್ ನಾಡಿನ ನಂಟು ಹೊಸದಲ್ಲ. ಕ್ರಿ.ಶ. 851ರಲ್ಲಿ, ವರ್ತಕ ಸುಲೇಮಾನನ ಹೆಸರಿನಲ್ಲಿ ಉಳಿದಿರುವ ವೃತ್ತಾಂತವು ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ‘ಬಲ್ಹರಾ’ನೂ ಒಬ್ಬ ಅಂತ ಹೇಳಿತು. ಬಲ್ಹರಾ ಅಂದರೆ ರಾಷ್ಟ್ರಕೂಟ ದೊರೆ. ಆಗ ಪಟ್ಟದಲ್ಲಿದ್ದವ ನಮ್ಮ ಅಮೋಘವರ್ಷ ನೃಪತುಂಗ! ಹತ್ತನೆಯ ಶತಮಾನದಲ್ಲಿ ಅಲ್-ಮಸೂದಿ ಆ ರಾಜಧಾನಿಯನ್ನು ‘ಮಾಂಕೀರ್’ ಅಂದ. ಅದೇ ಮಾನ್ಯಖೇಟ, ಅದೇ ನಿಮ್ಮ ಮಳಖೇಡ. ಅಂದು ಅವರು ನಮ್ಮ ಊರಿನ ಹೆಸರು ಬರೆದುಕೊಂಡರು. ಇಂದು ಕಾಗಿಣಾ ದಂಡೆಯ ಹುಡುಗ, “ಪರೀಕ್ಷೆ ಮುಗೀತು, ದುಬೈದಾಗ ಕಾಕಾ ಇದ್ದಾನ, ಬ್ಯಾಸಗಿ ಅಲ್ಲೇ ಕಳೀತೀನಿ” ಅಂತಾನೆ. ಹೋಗ್ಲಿ, ಸಂತೋಷ! ಆದರೆ ತಮ್ಮಾ, ತಯಾರಿ?

ಮೊದಲು ಪಾಸ್‌ಪೋರ್ಟು. ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಅದರಾಗ ಬರೀ ಒಂದೇ ಹೆಸರಿದ್ದು, ಅಡ್ಡಹೆಸರಿನ ಜಾಗ ಖಾಲಿ ಇದ್ದರೆ, 2022ರ ನವೆಂಬರ್‌ನಿಂದ ಭೇಟಿ ವೀಸಾದವರಿಗೆ ಅಲ್ಲಿ ತಕರಾರು. ಟಿಕೀಟಿಗೆ ರೊಕ್ಕ ಸುರಿಯೋ ಮುಂಚೆ ಇದನ್ನು ನೋಡಿಕೊಳ್ಳಿ. ಹೋಗೋ ಟಿಕೀಟಿನ ಜೊತೆ ಬರೋ ಟಿಕೀಟೂ ಕೈಯಲ್ಲಿರಲಿ.

ಎರಡನೆಯದು ಅವ್ವನ ಗಂಟು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗಿ ಕಟ್ಟಲಿ, ಕಾಕಾನೂ ಕಣ್ಣೀರು ಹಾಕಿ ತಿಂತಾನ. ಆದರೆ ಅಂಟಿನ ಉಂಡಿಗೂ ಕರ್ಚಿಕಾಯಿಗೂ ಬೀಳೋ ಗಸಗಸೆ ಇದೆಯಲ್ಲ, ಅದು ಅಲ್ಲಿ ನಿಷಿದ್ಧ ವಸ್ತು! ಅಫೀಮಿನ ಗಿಡದ ಬೀಜ ಅಂತ ಅವರ ಲೆಕ್ಕ. “ಅವ್ವ ಪ್ರೀತಿಲೆ ಹಾಕ್ಯಾಳ್ರಿ” ಅಂದರೆ ಕಸ್ಟಮ್ಸ್‌ನವನು ಕೇಳೋದಿಲ್ಲ. ಗುಟ್ಕಾ, ಎಲಿ-ಅಡಿಕಿ ಇಲ್ಲೇ ಬಿಡಿ. ಟ್ರಮಡಾಲ್, ಕೊಡೀನ್‌ನಂಥ ನೋವಿನ ಔಷಧಿಗಳಿಗೂ ಅಲ್ಲಿ ಬಿಗಿ ಕಾನೂನು. ಡಾಕ್ಟರ ಚೀಟಿ, ಅಲ್ಲಿಯ ಅನುಮತಿ ಇಲ್ಲದೆ ಒಯ್ಯಬೇಡಿ. ಬಸ್ಸಿನಲ್ಲಿ ಸಿಕ್ಕ ಪರಿಚಯದವರು “ನಮ್ಮ ಅಳಿಯನಿಗೆ ಈ ಪೊಟ್ಟಣ ಕೊಟ್ಟುಬಿಡಪಾ” ಅಂದರೆ ಕೈ ಮುಗಿದು ಬಿಡಿ.

ಮೂರನೆಯದೇ ಅಸಲು ಮಾತು. ಮನೆಯಲ್ಲಿ ‘ರಜಾಕ್ಕೆ’ ಅಂತ ಹೇಳಿ, ಮನಸ್ಸಿನಲ್ಲಿ ‘ಅಲ್ಲೇ ಯಾವುದಾದರೂ ಕೆಲಸ ಹಿಡೀತೀನಿ’ ಅಂತ ಹೊರಡೋ ಹುಡುಗರು ನೂರಾರು. ಭೇಟಿ ವೀಸಾ ಇರೋದು 30, 60 ದಿನ ಹೀಗೆ. ಅದರ ಮೇಲೆ ದುಡಿಯೋದು ಅಲ್ಲಿ ಅಪರಾಧ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ. ಸಂಬಳ ಕೊಡದಿದ್ದರೆ ಯಾರ ಮುಂದೆ ಹೇಳ್ತೀರಿ? ಹೇಳೋಕೆ ಹೋದವನೇ ಮೊದಲು ತಪ್ಪಿತಸ್ಥ!

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ‘ಇಸಿಆರ್’ ಅಂತ ಬೀಳ್ತದೆ. ಅಂಥವರು ಗಲ್ಫಿಗೆ ದುಡಿಯಲು ಹೋಗೋದಾದರೆ 1983ರ ವಲಸೆ ಕಾಯಿದೆಯ ಪ್ರಕಾರ ಸರ್ಕಾರದ ಪರವಾನಗಿ ಬೇಕು. ಆ ತಪಾಸಣೆ ತಪ್ಪಿಸೋಕೇ ಕಳ್ಳ ಏಜೆಂಟ “ವಿಸಿಟ್ ಮ್ಯಾಲೆ ಹೋಗು, ಅಲ್ಲಿ ಬದಲಿ ಮಾಡಸ್ತೀನಿ” ಅಂತಾನೆ. ಕೆಲಸವೇ ಬೇಕಾದರೆ ನೋಂದಾಯಿತ ಏಜೆಂಟನ ಹತ್ತಿರ, ಕರಾರು ಓದಿ, ಕೆಲಸದ ವೀಸಾದ ಮೇಲೆಯೇ ಹೋಗಿ. ಅವನು ತಗೋಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಎರಡು ಲಕ್ಷ ಕೇಳಿದವನ ಮುಂದೆ ಅಕ್ಕನ ಬಂಗಾರ ಅಡ ಇಡಬೇಡಿ.

ಬಿಸಿಲಿನ ಮಾತು ಬೇರೆ. ವಾಡಿ, ಶಹಾಬಾದ ಬಿಸಿಲು ಕಂಡವರಿಗೆ ಹೆದರಿಕೆ ಇಲ್ಲ ಅಂತೀರಿ. ಅಲ್ಲಿಯದು ಕಡಲ ಪಕ್ಕದ ಬೆವರಿನ ಬಿಸಿಲು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಿನ ಕೆಲಸವನ್ನೇ ಸರ್ಕಾರ ನಿಲ್ಲಿಸುತ್ತದೆ ಅಂದಮೇಲೆ ತಿಳ್ಕೊಳ್ಳಿ!

ಕಡೆಗೊಂದು ಪ್ರಶ್ನೆಯನ್ನು ಕಾಕಾನಿಗೆ ನೀವೇ ಕೇಳಬೇಕು: “ಕಾಕಾ, ನಿನ್ನ ಖೋಲಿದಾಗ ಎಷ್ಟು ಮಂದಿ ಇದ್ದೀರಿ?” ಊರಿಗೆ ಬಂದಾಗ ಅತ್ತರು ಹಚ್ಚಿಕೊಂಡು ಚಾಕಲೇಟು ಹಂಚೋ ಕಾಕಾ, ಅಲ್ಲಿ ಆರು ಮಂದಿಯ ಖೋಲಿಯಲ್ಲಿ ಮೇಲಿನ ಮಂಚದ ಮೇಲೆ ಮಲಗುವವನಿರಬಹುದು. ರಕ್ತಸಂಬಂಧದವನು ಬರ್ತೀನಿ ಅಂದರೆ ಅವನು ‘ಬ್ಯಾಡ’ ಅನ್ನಲಾರ. ನಿಮ್ಮ ಎರಡು ತಿಂಗಳ ಊಟ, ಮೆಟ್ರೋ, ಸಿನಿಮಾ ಎಲ್ಲ ಅವನು ಮನೆಗೆ ಕಳಿಸೋ ಹಣದಲ್ಲೇ ಕಡಿತ. ಹಾಗಿದ್ದರೆ ಎರಡು ತಿಂಗಳು ಬೇಡ, ಹತ್ತು ದಿನ ಸಾಕು. ನಿಮ್ಮ ಖರ್ಚು ನಿಮ್ಮ ಕಿಸೆಯಲ್ಲಿರಲಿ. ಅತಿಥಿಯಾಗಿ ಹೋಗಿ, ಅತಿಥಿಯಾಗೇ ಬನ್ನಿ. ಆಗ ಕಾಕಾ ಮುಂದಿನ ಸಲ ತಾನೇ ಕರೀತಾನೆ.

ಹೋಗಿ ಬಂದವರು ಕಾಗದ ಬರೀರಿ. ಮುಂದಿನ ವಾರ ಮತ್ತೆ ಗಾಂಧಿ ಕ್ಲಾಸಿನಲ್ಲೇ ಭೇಟಿ!